ಮನೆ ಕಟ್ಟುವ ಮುನ್ನ ಗಂಟು ಕಟ್ಟಿದ್ದು

ಕಳೆದ ಮಾಘಮಾಸದಲ್ಲಿ ಮೈಸೂರಿನ ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುವುದೆಂದು ನಿಶ್ಚಯವಾಯಿತು. ತೊಲೆಗಳಿಗೆ ಗೆದ್ದಲು ಹಿಡಿದಿದ್ದಿತು. ಮಳೆಗಾಲದಲ್ಲಿ ದೇವರ ಮನೆಯ ಗೋಡೆಯೂ ನೆನೆಯುತ್ತಿದ್ದಿತು. ಕೆಲಸಕ್ಕೆ ಒಂದು ವರ್ಷ ಬೇಕೆಂದು ಮೇಸ್ತ್ರಿ ಹೇಳಿದನು. ಮೇಸ್ತ್ರಿಗಳ ವರ್ಷಕ್ಕೆ ಎಷ್ಟು ತಿಂಗಳೆಂಬುದನ್ನು ಯಾವ ಪಂಚಾಂಗಕರ್ತನೂ ಹೇಳಲಾರನು. ಅಲ್ಲಿಯವರೆಗೆ ನಾವೂ ನಮ್ಮ ಮನೆಯವರೂ ಬೆಂಗಳೂರಿನಲ್ಲಿ ಮಗನ ಬಳಿ ಇರತಕ್ಕದ್ದು. ಅವನದು ಎರಡು ಕೊಠಡಿಗಳ ಮನೆ. ಅಲ್ಲಿ ನಮಗೆ ಸ್ಥಳವುಂಟು, ನಮ್ಮ ಸಾಮಾನಿಗೆ ಇಲ್ಲ.

ಇಂತಹವರಿಗಾಗಿ ಈಗ ಪಟ್ಟಣಗಳಲ್ಲಿ ತಿಂಗಳ ಬಾಡಿಗೆಗೆ ಉಗ್ರಾಣದ ಕೋಣೆಗಳು ದೊರೆಯುತ್ತವೆ. ಊರ ಹೊರಗೆ ಅಂತಹದೊಂದನ್ನು ಹಿಡಿದೆವು. ಬೆಂಕಿ ಹತ್ತುವಂತಹುದೂ ಕೊಳೆಯುವಂತಹುದೂ ಒಳಗಿಲ್ಲವೆಂದು ಬರೆದುಕೊಟ್ಟರಾಯಿತು. ಬೀಗವೂ ನಮ್ಮದು, ಬೀಗದ ಕೈಯೂ ನಮ್ಮದು. ನಮ್ಮ ಧರ್ಮಶಾಸ್ತ್ರಗಳು ಹೇಳುವ ನಿಕ್ಷೇಪವು ಬೇರೆ ಬಗೆಯದು. ಅಲ್ಲಿ ಒಬ್ಬ ಮನುಷ್ಯನನ್ನು ನಂಬಿ ವಸ್ತುವನ್ನು ಒಪ್ಪಿಸುವುದು, ಅವನು ಅದನ್ನು ಕಾಯುವುದು. ಇಲ್ಲಿ ಕಾಯುವವರಾರೂ ಒಳಗೆ ಹೋಗಿ ನೋಡುವುದಿಲ್ಲ. ಆದುದರಿಂದ ಕಾಯುವ ಕೆಲಸವನ್ನೆಲ್ಲ ಕಟ್ಟುವಾಗಲೇ ಮಾಡಿ ಮುಗಿಸಬೇಕು.

ಈ ಪಾಠವನ್ನು ನಾವು ಬೆಲೆ ತೆತ್ತು ಕಲಿತವರು. ೧೯೯೪ರಲ್ಲಿ ಮಲೆನಾಡಿನ ಶಾಲೆಯೊಂದರಿಂದ ವರ್ಗವಾಗಿ ಹೊರಟಾಗ ತಂದೆಯವರ ಪುಸ್ತಕಗಳ ಪೆಟ್ಟಿಗೆಯನ್ನು ಪರಿಚಿತರೊಬ್ಬರ ಅಟ್ಟದ ಮೇಲೆ ಇಟ್ಟೆವು. ಮಳೆಯ ಭಯದಿಂದ ಪ್ಲಾಸ್ಟಿಕ್ ಹಾಳೆಯನ್ನು ಎರಡು ಸುತ್ತು ಸುತ್ತಿ ಹಗ್ಗದಿಂದ ಬಿಗಿದೆವು. ಅದು ಆಷಾಢ, ಪುಸ್ತಕಗಳು ಮುಟ್ಟಿದರೆ ಮೆತ್ತಗಿದ್ದುದನ್ನು ಕಂಡೂ ಅವಸರದಲ್ಲಿ ಲಕ್ಷ್ಯಕ್ಕೆ ತರಲಿಲ್ಲ. ಎರಡು ವರ್ಷಗಳ ಮೇಲೆ ಬಿಚ್ಚಿ ನೋಡಿದರೆ ಹೊರಗಿನ ಮಳೆಯು ಒಂದು ಹನಿಯೂ ಒಳಹೊಕ್ಕಿರಲಿಲ್ಲ. ಒಳಗಿನ ತೇವವೂ ಹೊರಕ್ಕೆ ಹೋಗಿರಲಿಲ್ಲ. ತಂದೆಯವರು ಕಾವ್ಯಪಾಠ ಹೇಳುತ್ತ ತಮ್ಮ ಕೈಯಿಂದಲೇ ಬರೆದಿಟ್ಟ ಟಿಪ್ಪಣಿಯ ಪುಸ್ತಕ ಬೂಷ್ಟು ಹಿಡಿದು ಒಂದೇ ಹೆಂಟೆಯಾಗಿದ್ದಿತು. ಚಾಕುವಿನ ತುದಿಯಿಂದ ಹಾಳೆ ಬಿಡಿಸಹೋದರೆ ಅಕ್ಷರಗಳು ಎದುರು ಪುಟಕ್ಕೆ ಅಂಟಿಕೊಂಡು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತಿದ್ದುವು. ಅಟ್ಟದ ಯಜಮಾನರನ್ನು ದೂರುವಂತಿರಲಿಲ್ಲ, ಕಟ್ಟಿದವರು ನಾವೇ.

ಈ ಸಲ ಬಿಸಿಲೇರಿದ ಮೇಲೆಯೇ ಕಟ್ಟುವ ಕೆಲಸಕ್ಕೆ ಕೈಯಿಕ್ಕಿದೆವು. ಪುಸ್ತಕಗಳನ್ನು ನೆರಳಿನಲ್ಲಿ ಗಾಳಿಗೆ ಬಿಡಿಸಿಟ್ಟು, ಎರಡು ದಿನ ಆರಿಸಿ, ಒಗೆದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನಡುನಡುವೆ ಬಜೆಯ ತುಂಡುಗಳನ್ನಿಟ್ಟೆವು. ತಾಳೆಗರಿಯ ಕಟ್ಟುಗಳನ್ನು ಹುಳುವಿನಿಂದ ಕಾಯಲು ಹಿಂದಿನವರು ಹಿಡಿದ ಉಪಾಯವಿದು. ಪುಸ್ತಕಕ್ಕೆ ದೊಡ್ಡ ಪೆಟ್ಟಿಗೆ ಸಲ್ಲದು. ತುಂಬುವಾಗ ಸಂತೋಷ, ಎತ್ತುವಾಗ ಬೆನ್ನುನೋವು. ಹಿತ್ತಾಳೆ ತಾಮ್ರಗಳ ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆದು ಪೂರ್ಣ ಒಣಗಿಸಿದ ಹೊರತು ಕಟ್ಟಲಾಗದು. ಅಂಚಿನಲ್ಲಿ ನಿಂತ ಒಂದು ತೊಟ್ಟು ನೀರೂ ಕಿಲುಬಿಗೆ ಬೀಜ. ರೇಷ್ಮೆಯ ಸೀರೆಗಳು ನಮ್ಮ ಹಳೆಯ ಪಂಚೆಗಳಲ್ಲಿ ಸೇರಿದುವು. ಜರಿ ಕಪ್ಪಾಗುವುದೆಂದು ನುಸಿಗುಳಿಗೆಯನ್ನು ಅವುಗಳ ಹತ್ತಿರಕ್ಕೆ ಬಿಡಲಿಲ್ಲ. ರೆಫ್ರಿಜರೇಟರಿನ ಒಳಗನ್ನು ಒರಸಿ, ಬಾಗಿಲು ಮುಚ್ಚಿಕೊಳ್ಳದಂತೆ ಬಟ್ಟೆಯ ಸುರುಳಿಯೊಂದನ್ನು ಸಿಕ್ಕಿಸಿದುದಾಯಿತು. ಗಡಿಯಾರದ ಬ್ಯಾಟರಿ ತೆಗೆದೆವು.

ಕೋಣೆಯಲ್ಲಿ ಯಾವುದನ್ನೂ ನೆಲಕ್ಕೆ ತಾಗಿಸಿ ಇಡಬಾರದೆಂದು ಹಲಗೆಗಳನ್ನು ಹಾಸಿ, ಗೋಡೆಗೂ ಪೆಟ್ಟಿಗೆಗಳಿಗೂ ನಡುವೆ ಗೇಣಗಲ ಬಿಡುವುದೆಂದು ಗೊತ್ತುಮಾಡಿದೆವು. ಈ ಪ್ರಸಂಗದಲ್ಲಿ ಕೌಟಿಲ್ಯನು ನೆನಪಾದನು. ಆತನ ಅರ್ಥಶಾಸ್ತ್ರವೂ ಹೀಗೆಯೇ ಯಾರೋ ಜೋಪಾನಮಾಡಿದ ತಾಳೆಗರಿಯ ಕಟ್ಟಿನಲ್ಲಿ ಉಳಿದು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಮುದ್ರಣವನ್ನು ಕಂಡಿತು. ಅದರಲ್ಲಿ ಉಗ್ರಾಣದ ಅಧಿಕಾರಿಗೆ ಹೇಳಿರುವುದೇನೆಂದರೆ: ಧಾನ್ಯಕ್ಕೆ ಎತ್ತರದ ಸ್ಥಾನ, ಬೆಲ್ಲ ಮೊದಲಾದುವಕ್ಕೆ ಒತ್ತಾಗಿ ಹೆಣೆದ ಹುಲ್ಲಿನ ಮೂಟೆ, ಎಣ್ಣೆ ತುಪ್ಪಗಳಿಗೆ ಮಣ್ಣಿನ ಅಥವಾ ಮರದ ಪಾತ್ರೆ, ಉಪ್ಪಿಗೆ ಬರಿಯ ನೆಲ. ಇದನ್ನು ನಾವು ಉತ್ಸಾಹದಿಂದ ವಿವರಿಸುತ್ತಿರಲು ನಮ್ಮ ಮನೆಯವರು, “ಅರ್ಧ ಭರಣಿ ಮಾವಿನಮಿಡಿ ಉಳಿದಿದೆಯಲ್ಲ, ಅದಕ್ಕೆ ನಿಮ್ಮ ಕೌಟಿಲ್ಯರು ಏನು ಹೇಳಿದ್ದಾರೆ?” ಎಂದು ಕೇಳಿದರು. ಭರಣಿಯು ಪಕ್ಕದ ಮನೆಗೆ ಹೋಯಿತು.

ಮಗನು ದೂರವಾಣಿಯಲ್ಲಿ, “ಅಪ್ಪ, ಅಷ್ಟನ್ನೆಲ್ಲ ಏಕೆ ಕಟ್ಟುತ್ತೀರಿ? ಹಳೆಯದನ್ನು ಯಾರಿಗಾದರೂ ಕೊಟ್ಟುಬಿಡಿ” ಎಂದನು. ತುಸು ತಡೆದು, “ಅಮ್ಮನಿಗೂ ವಯಸ್ಸಾಯಿತು. ಇಲ್ಲಿಯೇ ಇದ್ದುಬಿಡಬಹುದಲ್ಲ” ಎಂದೂ ಸೇರಿಸಿದನು. ಪ್ರೀತಿಯಿಂದ ಆಡಿದ ಮಾತೇ. ನಾವು ಅದನ್ನು ಮನೆಯವರಿಗೆ ತಿಳಿಸಲಿಲ್ಲ. ಆದರೆ ಅವರಿಗೂ ಅವನು ಹಾಗೆಯೇ ಹೇಳಿದ್ದನೆಂದು ಆಮೇಲೆ ಗೊತ್ತಾಯಿತು. ಅವರೂ ನಮಗೆ ತಿಳಿಸಿರಲಿಲ್ಲ. ಆ ದಿನ ಸಾಯಂಕಾಲ ನಾವು, ಒರಳುಕಲ್ಲನ್ನು ಇಲ್ಲಿಯೇ ಬಿಡಬಹುದೇನೋ, ಹೊಸ ಮನೆಯಲ್ಲಿ ಅದರಿಂದ ಏನು ಪ್ರಯೋಜನ ಎಂದೆವು. ಅವರು ಉತ್ತರ ಕೊಡಲಿಲ್ಲ. ಬೆಳಿಗ್ಗೆ ನೋಡುವಾಗ ಅದರ ಗುಂಡುಕಲ್ಲು ಹಳೆಯ ಸೀರೆಯ ತುಂಡಿನಲ್ಲಿ ಎಳೆಗೂಸಿನಂತೆ ಸುತ್ತಿಕೊಂಡು ಪೆಟ್ಟಿಗೆಗಳ ಸಾಲಿನಲ್ಲಿ ಕುಳಿತಿದ್ದಿತು.

ಪೆಟ್ಟಿಗೆಗಳು ಒಟ್ಟು ೪೩. ಪ್ರತಿಯೊಂದಕ್ಕೂ ಅಂಕೆಯನ್ನು ಬರೆದು, ಒಳಗಿರುವುದರ ಪಟ್ಟಿಯನ್ನು ಎರಡು ಪ್ರತಿ ಮಾಡಿದೆವು. ಕೋಣೆಯಲ್ಲಿ ಎಲ್ಲವನ್ನೂ ಜೋಡಿಸಿ ಆದ ಮೇಲೆ ನಮ್ಮ ಮನೆಯವರು ೧೭ನೆಯದು ಎಲ್ಲಿ ಎಂದರು. ಅದು ಪುಸ್ತಕಗಳ ಹಿಂದೆ ಗೋಡೆಯ ಕಡೆಗೆ ಸೇರಿಹೋಗಿದ್ದಿತು. ಕೂಲಿಯವರು ಗೊಣಗುತ್ತ ಹತ್ತು ಪೆಟ್ಟಿಗೆಗಳನ್ನು ಇಳಿಸಿ ಅದನ್ನು ಹೊರಕ್ಕೆ ತೆಗೆದರು. ಮುಚ್ಚಳದ ಮೇಲೆ ಅವರ ಕೈಬರಹದಲ್ಲಿ ‘ಮೊದಲು ಬಿಚ್ಚತಕ್ಕದ್ದು’ ಎಂದಿದ್ದಿತು. ಪಟ್ಟಿಯನ್ನು ನೋಡಿದೆವು: ದೇವರ ದೀಪ, ರಂಗೋಲಿಯ ಡಬ್ಬಿ, ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಪಾತ್ರೆ. ಅದನ್ನು ಬಾಗಿಲಿನ ಪಕ್ಕದಲ್ಲಿಯೇ, ಎಲ್ಲಕ್ಕಿಂತ ಮುಂದೆ, ಇರಿಸಲಾಯಿತು.

ಬೀಗ ಹಾಕಿದ ಮೇಲೆ, ನಮ್ಮನ್ನು ಕರೆದೊಯ್ಯಲು ಬಂದಿದ್ದ ಮಗನು, ಬೀಗದ ಕೈ ಕಳೆದುಹೋದೀತು, ತನ್ನ ಬಳಿ ಇರಲೆಂದು ಕೈ ಚಾಚಿದನು. ನಮ್ಮ ಮನೆಯವರು ಕೇಳಿಸಿಕೊಳ್ಳದವರಂತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಾರಿನಲ್ಲಿ ಹೋಗಿ ಕುಳಿತರು.