ತೊಡೆಯ ಮೇಲಿನ ಹಲಗೆ

ನಮ್ಮ ಮನೆಯ ಕೀಬೋರ್ಡಿನಲ್ಲಿ ಎಫ್ ಅಕ್ಷರ ಅಳಿಸಿಹೋಗಿ ಬಹಳ ವರ್ಷವಾಯಿತು. ನುಡಿ ತಂತ್ರಾಂಶದಲ್ಲಿ ಕನ್ನಡ ಬರೆದವರಿಗೆ ಕಾರಣ ಹೇಳಬೇಕಾಗಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆಯ ಕ್ರಮದಲ್ಲಿ ಒತ್ತಕ್ಷರ ಮೂಡಬೇಕಾದರೆ ನಡುವೆ ಎಫ್ ಒತ್ತಬೇಕು. ಅಕ್ಕನಿಗೂ ಅದೇ, ಅತ್ತೆಗೂ ಅದೇ, ಶಿವಮೊಗ್ಗಕ್ಕೂ ಅದೇ. ಒತ್ತಿಲ್ಲದೆ ಒಂದು ಸಾಲು ದಾಟದ ಭಾಷೆಯಲ್ಲಿ ಆ ಗುಂಡಿ ಸವೆಯದೆ ಇನ್ನಾವುದು ಸವೆದೀತು? ಎಡಗೈ ತೋರುಬೆರಳಿಗೆ ಅದರ ಮೇಲಿನ ಚಿಕ್ಕ ಉಬ್ಬು ತಾಗಿದರೆ ಸಾಕು, ಕರೆಂಟು ಹೋಗಿ ಕತ್ತಲಾದರೂ ಯುಪಿಎಸ್ಸಿನ ಕುಯ್ಯೋ ಮರ್ರೋ ನಡುವೆಯೇ ವಾಕ್ಯ ಮುಗಿಸಿಬಿಡುತ್ತಿದ್ದೆ.

ಕಳೆದ ದಸರೆಗೆ ಎರಡು ವಾರವಿದೆ ಎನ್ನುವಾಗ ಕಂಪ್ಯೂಟರು ಮೂರು ಸಲ ಕೂಗಿ ಮಲಗಿತು. ಪೇಟೆಯಿಂದ ಬಂದ ರಿಪೇರಿ ಹುಡುಗ ಸಿಪಿಯು ಬಿಚ್ಚಿ, ಧೂಳು ಊದಿ, ರ‍್ಯಾಮನ್ನು ಕಿತ್ತು ನನ್ನದೇ ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸಿ ಎಬ್ಬಿಸಿದ. "ಆಂಟಿ, ಇದಕ್ಕೆ ವಯಸ್ಸಾಯ್ತು. ಇನ್ನೆಷ್ಟು ದಿನ ಅಂತ ಹೇಳೋಕಾಗಲ್ಲ" ಎಂದು ಡಾಕ್ಟರಂತೆ ಮೆಲ್ಲಗೆ ಹೇಳಿ ಮುನ್ನೂರು ರೂಪಾಯಿ ತೆಗೆದುಕೊಂಡು ಹೋದ. ಬೆಂಗಳೂರಿನಲ್ಲಿರುವ ಮಗಳಿಗೆ ಸುದ್ದಿ ಮುಟ್ಟಿತು. "ಅಮ್ಮಾ, ಆ ಪೆಟ್ಟಿಗೆ ಕಟ್ಕೊಂಡು ಇನ್ನೂ ಎಷ್ಟು ವರ್ಷ? ಒಂದು ಟ್ಯಾಬ್ ಸಾಕು ನಿಂಗೆ." ಆಯುಧಪೂಜೆಗೆ ಬಂದವಳು ತಂದೇಬಿಟ್ಟಳು.

ಪೂಜೆಯ ದಿನವೇ ಮೊದಲ ತೊಡಕು. ಕಂಪ್ಯೂಟರಿಗಾದರೆ ಮಾನಿಟರಿನ ತಲೆಗೆ ಸೇವಂತಿಗೆ, ಸಿಪಿಯು ಹಣೆಗೆ ಕುಂಕುಮ ಎಂದು ಜಾಗ ಗೊತ್ತು. ಈ ಹಲಗೆಗೆ ಹಣೆ ಎಲ್ಲಿ? ಗಾಜಿನ ಮೇಲೆ ಇಡಲು ಹೋದರೆ ಬೆರಳು ತಾಗಿ ಯಾವುದೋ ವಿಡಿಯೊ ಓಡತೊಡಗಿತು. ಕೊನೆಗೆ ಮಗುಚಿ ಹಾಕಿ ಬೆನ್ನಿಗೆ ಇಟ್ಟೆವು.

ಆ ಹಳೆಯ ಪೆಟ್ಟಿಗೆ 2004ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದದ್ದು. ಆಮೇಲೆ ಮೂರು ಸಲ ಅದರ ಕರುಳು ಬದಲಾಗಿದೆ, ಡಬ್ಬದಂಥ ಮಾನಿಟರು ಹೋಗಿ ಚಪ್ಪಟೆಯದು ಬಂದಿದೆ. ಆದರೂ ನಮ್ಮ ಬಾಯಲ್ಲಿ ಅದು ಅದೇ ಕಂಪ್ಯೂಟರು. ಬಂದ ವರ್ಷ ಅದಕ್ಕೊಂದು ಹೂವಿನ ಚಿತ್ತಾರದ ಬಟ್ಟೆ ಹೊಲಿಸಿದ್ದೆ. ಅದು ಯಾರೊಬ್ಬರದೂ ಆಗಿರಲಿಲ್ಲ. ಇವರ ತೋಟದ ಲೆಕ್ಕ, ಮಗಳ ಪ್ರಾಜೆಕ್ಟು, ನನ್ನ ಲೇಖನ, ಪಕ್ಕದ ಮನೆಯವರ ಜಾತಕ ಎಲ್ಲ ಒಂದೇ ಮೇಜಿನಲ್ಲಿ ಸರದಿ ನಿಲ್ಲುತ್ತಿದ್ದವು.

ಆಗ ನಾವು ಎಸ್.ಪಿ. ರೋಡಿನಿಂದ ಮೂರು ಪೆಟ್ಟಿಗೆ ಹೊತ್ತು ಬಸ್ಸು ಹತ್ತುತ್ತಿದ್ದಾಗ, ಅದೇ ಊರಿನಲ್ಲಿ ಅಂಗೈಯಗಲದ ಕಂಪ್ಯೂಟರೊಂದು ಮಾರಾಟಕ್ಕೆ ಬಂದಿತ್ತು ಎನ್ನುವುದನ್ನು ನೆನೆದರೆ ನಗು ಬರುತ್ತದೆ. ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಬೆಂಗಳೂರಿನದೇ ಎನ್‌ಕೋರ್ ಕಂಪನಿಯವರೊಡನೆ ಕೂಡಿ ರೂಪಿಸಿ, 2001ರಲ್ಲೇ ತೋರಿಸಿದ್ದ ಯಂತ್ರ. ಗಾಜಿನ ಮೇಲೆ ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಓದು ಬಾರದವರಿಗೂ ದಕ್ಕಲಿ ಎಂದು ನಮ್ಮ ಭಾಷೆಗಳನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯನ್ನೂ ಅದಕ್ಕೆಂದು ಮಾಡಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ 'ಅಮಿಡ' ಎಂಬ ಹೆಸರಿನಲ್ಲಿ ಹೊರಬಂತು. ಐಪ್ಯಾಡ್ ಬಂದದ್ದು 2010ರಲ್ಲಿ. ಆರು ವರ್ಷ ಮೊದಲೇ ಹುಟ್ಟಿದ ಕೂಸು ನಮ್ಮದು, ಬೆಳೆಯಲಿಲ್ಲ ಅಷ್ಟೆ. ಪತ್ರಿಕೆಯಲ್ಲಿ ಅದರ ಚಿತ್ರ ನೋಡಿ ಇವರು, "ಇದರಲ್ಲಿ ಅಡಿಕೆ ಲೆಕ್ಕ ಬರೆಯೋಕೆ ಇರುವೆ ಕೈ ಬೇಕು" ಎಂದಿದ್ದರು. ಇಂಥ ಜನರಿಂದಲೇ ಅದು ಬೆಳೆಯದೆ ಹೋಯಿತೋ ಏನೋ.

ಇನ್ನೂ ಹಿಂದಕ್ಕೆ ಹೋದರೆ ಅಮೆರಿಕದ ಅಲನ್ ಕೇ ಸಿಗುತ್ತಾರೆ. ಮಕ್ಕಳು ಪುಸ್ತಕದಂತೆ ಹಿಡಿದು ಓಡಾಡುವ ಕಂಪ್ಯೂಟರಿನ ಕನಸು ಕಂಡು, 1972ರಲ್ಲಿ ಅದರ ಬಗ್ಗೆ ಲೇಖನ ಬರೆದವರು. ಎಷ್ಟು ತೂಕವಿದ್ದರೆ ಹೊರಲಾದೀತು ಎಂದು ತಿಳಿಯಲು ರಟ್ಟಿನ ಮಾದರಿ ಮಾಡಿ, ಅದರೊಳಗೆ ಸೀಸದ ಗುಂಡುಗಳನ್ನು ಸುರಿದು ನೋಡಿದ್ದರಂತೆ. ತರಕಾರಿ ಕೊಳ್ಳುವಾಗ ಚೀಲ ಎತ್ತಿ ಎತ್ತಿ ನೋಡುವ ನನಗೆ ಇದು ಬಹಳ ಹಿಡಿಸಿತು. ಇನ್ನೂ ಹಿಡಿಸಿದ್ದು, ಅವರು ಬರೆದ ಚಿತ್ರದಲ್ಲಿ ಪರದೆಯ ಕೆಳಗೆ ಕೀಲಿಮಣೆ ಇದ್ದದ್ದು.

ಟ್ಯಾಬನ್ನು ನಾನೇನೂ ಹಗೆಯಂತೆ ಕಾಣಲಿಲ್ಲ. ಮಂಚದ ಮೇಲೆ ಒರಗಿ ಪತ್ರಿಕೆ ಓದಿದೆ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಂಡೆ, ಕರೆಂಟು ಬಿಲ್ಲು ಕಟ್ಟಿದೆ. ಒಂದು ವಾರ ಕಂಪ್ಯೂಟರಿನ ಬಟ್ಟೆ ಸರಿಸಲೇ ಇಲ್ಲ. ಕಂಪ್ಯೂಟರು ಇನ್ನು ಮುಂದೆ ಲಾರಿಯಂತೆ, ಅಗತ್ಯವಿದ್ದ ಕೆಲವರು ಇಟ್ಟುಕೊಂಡಾರು ಎನ್ನುವ ಅರ್ಥದ ಮಾತನ್ನು ಸ್ಟೀವ್ ಜಾಬ್ಸ್ 2010ರಲ್ಲಿ ಹೇಳಿದ್ದರು. ಸರಿಯೇ ಇರಬಹುದು. ಆದರೆ ಸಾಗರದ ಕಡೆಯ ತೋಟದ ಮನೆಗಳಲ್ಲಿ ಅಂಗಳದಲ್ಲಿ ಎಂಥ ಕಾರು ನಿಂತಿದ್ದರೂ, ಕೊನೆಕೊಯ್ಲಿನ ದಿನ ಎಲ್ಲರೂ ಹುಡುಕುವುದು ಪಿಕಪ್ಪನ್ನೇ.

ನನ್ನ ಕೊಯ್ಲು ಎಂಟನೆಯ ದಿನ ಬಂತು. ಅತ್ತೆಯ ಹಾಡುಗಳ ಪೈಕಿ ಒಂದನ್ನು ಯಾರೋ ಕೇಳಿದ್ದರು. ಹಸೆಹಾಡು, ಸೋಬಾನೆ, ಬೀಸುವ ಪದ ಎಂದು ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು ಅವರ ಬಾಯಿಂದ ಕೇಳಿ ಕೇಳಿ, ಹಲವು ಮಳೆಗಾಲಗಳಲ್ಲಿ ನುಡಿಯಲ್ಲಿ ಇಳಿಸಿಟ್ಟಿದ್ದೇನೆ. ಪೆನ್‌ಡ್ರೈವಿನಿಂದ ಅದನ್ನೆಲ್ಲ ಟ್ಯಾಬಿಗೆ ದಾಟಿಸಿ ಒಂದು ಕಡತ ತೆರೆದೆ. ಶೀರ್ಷಿಕೆಯಲ್ಲಿ 'ಕನ್ನಡ' ಎಂದು ಇರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನರ ಒಂದು ಅಕ್ಷರ, ಕ್ಯೂ, ಮತ್ತೂ ಒಂದು ಗೀಟಿನ ಎ. ಹಾಡಿನುದ್ದಕ್ಕೂ ಅದೇ ಸಂತೆ.

ವಿಷಯ ಇಷ್ಟೇ. ಹಳೆಯ ನುಡಿ ಕನ್ನಡವನ್ನು ಕನ್ನಡವೆಂದು ಬರೆದಿಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲೇ ನಮ್ಮ ಅಕ್ಷರಗಳ ತುಂಡುಗಳನ್ನು ಬಾಡಿಗೆಗೆ ಇರಿಸಿತ್ತು. ಪಿ ಮನೆಯಲ್ಲಿ ತಲೆಕಟ್ಟಿಲ್ಲದ 'ಕ', ಗೀಟಿನ ಎ ಮನೆಯಲ್ಲಿ ಬರೀ ತಲೆಕಟ್ಟು. ಎರಡೂ ಪಕ್ಕ ನಿಂತರೆ ಒಂದು 'ಕ'. ನುಡಿ ಫಾಂಟು ಇರುವ ಕಡೆ ಮಾತ್ರ ಈ ಗುಟ್ಟು ಬಿಚ್ಚಿಕೊಳ್ಳುತ್ತದೆ. ಇಲ್ಲದ ಕಡೆ ಮನೆಯ ಮೂಲ ಯಜಮಾನರೇ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಕೇರಿ 1991ರಲ್ಲೇ ಸಿಕ್ಕಿತ್ತು. ನಾವು ಬಾಡಿಗೆ ಮನೆ ಬಿಟ್ಟದ್ದು ತಡವಾಗಿ.

ಮಗಳು ಫೋನಿನಲ್ಲೇ, "ಅದಕ್ಕೆ ಪರಿವರ್ತಕ ಇದೆಯಲ್ಲ ಅಮ್ಮಾ" ಎಂದಳು. ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅರ್ಕಾವೊತ್ತಿನ ಹತ್ತಿರ ನನ್ನ ಹಾಡುಗಳು ಎಡವಿದವು. ನಾವು ಬರೆಯುವಾಗ 'ವರ್ಷ'ದ ಅರ್ಕಾವೊತ್ತು 'ಷ'ದ ಆಚೆ ಕೂರುತ್ತದೆ, ನುಡಿಯೂ ಹಾಗೇ ಕೂರಿಸಿತ್ತು. ಯೂನಿಕೋಡಿಗೆ ಉಚ್ಚಾರದಂತೆ 'ರ' ಮೊದಲು ಬರಬೇಕು. ಈ ಸ್ಥಳಾಂತರದಲ್ಲಿ ಹಲವು 'ರ'ಗಳು ದಾರಿ ತಪ್ಪಿದವು. ಒಂದೊಂದನ್ನೂ ಹುಡುಕಿ ಮನೆಗೆ ಸೇರಿಸಬೇಕು. ಗಾಜಿನ ಕೀಬೋರ್ಡು ಅರ್ಧ ಪರದೆಯನ್ನೇ ನುಂಗುತ್ತದೆ, ಉಬ್ಬಿನ ಎಫ್ ಅದರಲ್ಲಿಲ್ಲ, ನನ್ನ ತೋರುಬೆರಳು ಕುರುಡಾಗಿ ತಡಕಾಡಿತು. ಬಟ್ಟೆ ಸರಿಸಿ ಹಳೆಯ ಪೆಟ್ಟಿಗೆಯ ಮುಂದೆ ಕುಳಿತೆ.

ಕಡತ ಎಂದೆನಲ್ಲ, ಆ ಮಾತೂ ಸಾಮಾನ್ಯದ್ದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಅದು ಕಡತ. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಅಂಥವುಗಳಲ್ಲಿವೆ. ಎಷ್ಟು ಹಳತಾದರೂ ಬಿಡಿಸಿದರೆ ಅದರಲ್ಲಿ 'ಕ' ಎಂದಿದ್ದದ್ದು 'ಕ' ಎಂದೇ ಕಾಣುತ್ತದೆ.

ಹೀಗಾಗಿ ಪೆಟ್ಟಿಗೆ ಉಳಿಯಿತು. ರಿಪೇರಿ ಹುಡುಗನನ್ನು ಕರೆಸಿ ಹೊಸ ಹಾರ್ಡ್‌ಡಿಸ್ಕ್ ಹಾಕಿಸಿದೆ. ಇನ್ನೂರು ಹಾಡುಗಳ 'ರ'ಗಳೆಲ್ಲ ಮನೆ ಸೇರುವವರೆಗಾದರೂ ಅದು ಇರಬೇಕು. ಟ್ಯಾಬು ಅತ್ತೆಯ ಪಾಲಾಯಿತು. ಎಂಬತ್ತಾರರ ಅವರಿಗೆ ಅದು ಎಷ್ಟು ಒಗ್ಗಿತೆಂದರೆ, ಮಡಿಚಿದ ಸೀರೆಯ ಮೇಲಿಟ್ಟು ಒರೆಸಿ, ಮೊಮ್ಮಗಳು ಕರೆಯುವ ಹೊತ್ತಿಗೆ ತೊಡೆಯ ಮೇಲೆ ನಿಲ್ಲಿಸಿಕೊಳ್ಳುತ್ತಾರೆ.

ಮೊನ್ನೆ ಮಗಳು ಅಲ್ಲಿಂದಲೇ ಹೊಸ ಪಾಠ ಹೇಳಿಕೊಟ್ಟಳು. "ಅಜ್ಜಿ, ಆ ಮೈಕಿನ ಚಿತ್ರ ಮುಟ್ಟಿ ನೀನೇ ಹಾಡು, ಅದೇ ಬರ್ಕೊಳ್ಳುತ್ತೆ." ಅತ್ತೆ ಗಂಟಲು ಸರಿಮಾಡಿಕೊಂಡು, ಸೋಬಾನೆ ಎಂದು ರಾಗವಾಗಿ ಎಳೆದರು. ಪರದೆಯ ಮೇಲೆ 'ಶೋಭಾ ನೀ' ಎಂದು ಮೂಡಿತು. ಸೋಬಾನೆಯ ಮೂಲ ಶೋಭನವೇ ಆದ್ದರಿಂದ ಪೂರ್ತಿ ತಪ್ಪೆನ್ನಲೂ ಆಗದು. ಅತ್ತೆ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿ, ನನ್ನ ಕಡೆ ತಿರುಗಿದರು.

"ಯಾರೇ ಇವಳು ಶೋಭಾ?"