ಅಟ್ಟದಲ್ಲಿದ್ದ ಫೈಲು

ನಮ್ಮ ಮಾವನಿಗೆ 78. ಕಾಪು ಪೇಟೆಗೆ ನಡೆದೇ ಹೋಗ್ತಿದ್ದವರು, ಹೋದ ಮಳೆಗಾಲದಲ್ಲಿ ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು, ಕಾಲೆಲ್ಲ ಬಾವು. ಎಕೋ ಮಾಡಿಸಿದ್ರೆ ಹೃದಯದ ಗೋಡೆ 16 ಮಿಲಿಮೀಟರ್ ದಪ್ಪ. 11ರ ಒಳಗೆ ಇರ್ಬೇಕಂತೆ. "ಬಿಪಿಯಿಂದ ಆದದ್ದು" ಅಂತ ಒಬ್ಬ ಡಾಕ್ಟ್ರು ಬಿಪಿ ಮಾತ್ರೆ ಹೆಚ್ಚು ಮಾಡಿದ್ರು. ಎಂತ ಹೇಳುದು ಮಾರಾಯ್ತಿ, ಮಾವನ ಬಿಪಿ ಎರಡು ವರ್ಷದಿಂದ ತನ್ನಷ್ಟಕ್ಕೇ ಇಳೀತಾ ಇತ್ತು! ಮಾತ್ರೆ ನುಂಗಿ ಎದ್ದು ನಿಂತ್ರೆ ಕಣ್ಣು ಕತ್ತಲೆ.

ಕಾರ್ಕಳದ ನಾದಿನಿ ಹಠ ಮಾಡಿ ಮಣಿಪಾಲಕ್ಕೆ ಕರ್ಕೊಂಡು ಹೋದ್ಳು. ಅಲ್ಲಿಯ ಡಾಕ್ಟ್ರು ಇಸಿಜಿಯನ್ನೂ ಎಕೋವನ್ನೂ ಒಟ್ಟಿಗೆ ಇಟ್ಟು ನೋಡಿದ್ರು. ಬಿಪಿಯಿಂದ ಗೋಡೆ ದಪ್ಪ ಆದ್ರೆ ಇಸಿಜಿ ಗೆರೆ ಸಾಧಾರಣ ಎತ್ತರಕ್ಕೆ ಏಳ್ತದೆ. ಮಾವನದ್ದು ಗಿಡ್ಡ ಗಿಡ್ಡ.

"ಕೈ ಜೋಮು ಹಿಡೀತಿತ್ತಾ?" ಕೇಳಿದ್ರು.

ನಾನು ಬೆಪ್ಪಾದೆ. ಎಂಟು ವರ್ಷದ ಹಿಂದೆ ಎರಡೂ ಮಣಿಕಟ್ಟಿಗೆ ಆಪರೇಷನ್ ಆಗಿತ್ತು. ಹೃದಯದ ಡಾಕ್ಟ್ರಿಗೆ ಅದೆಲ್ಲ ಎಂತಕ್ಕೆ ಅಂತ ಆ ಫೈಲನ್ನು ಅಟ್ಟಕ್ಕೆ ಹಾಕಿದವಳು ನಾನೇ.

ಇದಕ್ಕೆ ಅಮೈಲಾಯ್ಡ್ ಅಂತಾರೆ. ಲಿವರಿನಲ್ಲಿ ಆಗುವ ಒಂದು ಪ್ರೋಟೀನು ಹಾಳಾಗಿ ಹೃದಯದಲ್ಲಿ ಕೂರ್ತದೆ, ಕೆಲವರಿಗೆ ಮೊದಲೇ ಮಣಿಕಟ್ಟಿನಲ್ಲೂ. ರಕ್ತ, ಮೂತ್ರ ಮೊದಲು ನೋಡಿದ್ರು, ಯಾಕಂದ್ರೆ ಎಲುಬಿನ ಮಜ್ಜೆಯಿಂದ ಬರುವ ಇನ್ನೊಂದು ಜಾತಿಯೂ ಉಂಟು. ಅದಾದ್ರೆ ತಡಮಾಡದೆ ಕೀಮೋ ಬೇಕು. ಅದಲ್ಲ ಅಂತ ಆದ್ಮೇಲೆ ಎಲುಬಿನ ಸ್ಕ್ಯಾನು. ಎಲುಬಿಗೆ ಹಿಡಿಯುವ ಮದ್ದು ಮಾವನ ಎದೆಯೊಳಗೆ ಹೊಳೆಯುವುದನ್ನು ಪರದೆಯಲ್ಲಿ ತೋರಿಸಿದ್ರು.

ಕೂತದ್ದನ್ನು ಮಾತ್ರೆ ತೆಗೆಯುವುದಿಲ್ಲ, ಮುಂದೆ ಕೂರುವುದನ್ನು ನಿಧಾನ ಮಾಡ್ತದೆ. ಆ ಫೈಲು ಮೊದಲೇ ಕೊಟ್ಟಿದ್ರೆ ಅಂತ ರಾತ್ರಿ ನಿದ್ರೆ ಬರುದಿಲ್ಲ. ಮಾವ ಮಾತ್ರ, "ಅಟ್ಟದಿಂದ ಇಳಿಸಿದ್ದಿಯಲ್ಲ, ಧೂಳು ಒರೆಸಿ ಇಡು" ಅಂದ್ರು.