ಬಿಚ್ಚಿ ಕಟ್ಟಿದ ಹೂವು

1993ರ ಏಪ್ರಿಲ್. ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದವನನ್ನು ಗಾಂಧಿಬಜಾರಿನ ಹೂವಿನಂಗಡಿಯವರೊಬ್ಬರು ದಿನಕ್ಕೆ 30 ರೂಪಾಯಿ, ಎರಡು ಹೊತ್ತು ಕಾಫಿ ಎಂದು ಕೆಲಸಕ್ಕೆ ಕರೆದರು. ಮದುವೆಯ ಸೀಸನ್ನು. ಬೆಳಗಿನ ನಾಲ್ಕಕ್ಕೆ ಕೆ.ಆರ್. ಮಾರ್ಕೆಟ್ಟಿನ ಕೆಸರಿನಲ್ಲಿ ನಿಂತು ಸೇವಂತಿಗೆ, ಸುಗಂಧರಾಜ, ಚೆಂಡುಹೂವಿನ ಮೂಟೆ ಹೊರುವುದು. ಎಂಟರೊಳಗೆ ಛತ್ರದ ಬಾಗಿಲಿಗೆ ಬಾಳೆಕಂದು ಕಟ್ಟಿ ಮಾವಿನ ತೋರಣ ಏರಿಸುವುದು.

ಹೂ ಕಟ್ಟುವ ಕೆಲಸ ನನ್ನಂಥವರ ಕೈಗೆ ಕೊಡುವಂಥದ್ದಲ್ಲ. ಅದಕ್ಕೆ ಹಿತ್ತಿಲಲ್ಲಿ ಇಬ್ಬರು ಹೆಂಗಸರಿದ್ದರು. ಸೀಳಿದ ಬಾಳೆನಾರನ್ನು ನೀರಲ್ಲಿ ನೆನೆಹಾಕಿಕೊಂಡು, ಮಾತಾಡುತ್ತಲೇ ಕಟ್ಟುತ್ತಿದ್ದರು. ಸರಕ್ಕೆ ಕೂಲಿ ಮೊಳದ ಲೆಕ್ಕ, ಮೊಗ್ಗಿನ ಜಡೆಗೆ ಜಡೆಯ ಲೆಕ್ಕ. ಮೊಳವೆಂದರೆ ಯಾರ ಮೊಳ ಎಂಬುದು ದಿನದ ಜಗಳ. ಯಜಮಾನರ ತೋಳು ಉದ್ದ.

ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಮುಂಜಾನೆ ಕೀಳುತ್ತಾರೆ. ಸಂಜೆಗೆ ಅದು ಯಾರನ್ನೂ ಕೇಳದೆ ಅರಳುತ್ತದೆ. ಬಾಳೆಪಟ್ಟೆಯ ಮೇಲೆ ಒಂದೊಂದೇ ಮೊಗ್ಗು ಹೊಲಿದ ಜಡೆ ಹುಡುಗಿಯ ಬೆನ್ನಿಗೆ ಏರುವವರೆಗೂ ಬಾಯಿ ಬಿಡಬಾರದು. ಒಂದು ಆರತಕ್ಷತೆಯ ದಿನ ಮುಗಿದ ಜಡೆಯನ್ನು ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿಡು ಎಂದರೆ, ನಾನು ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಊಟಕ್ಕೆ ಹೋದೆ. ಬಿಸಿಲು ಸರಿದು ಅಲ್ಲಿಗೇ ಬಂತು. ಮೂರು ಗಂಟೆಗೆ ಅರ್ಧ ಜಡೆ ಅರಳಿ ಕಂದಿತ್ತು. ಯಜಮಾನರು ಬೈಯಲಿಲ್ಲ, ನನ್ನ ಎರಡು ದಿನದ ಕೂಲಿ ಹಿಡಿದರು. ಆ ಹೆಂಗಸರು ಅರಳಿದ್ದನ್ನು ಬಿಚ್ಚಿ ಹೊಸ ಮೊಗ್ಗು ಹೊಲಿದು ಆರಕ್ಕೆ ಕೊಟ್ಟರು. ಜಡೆ ಒಂದೇ ತಾನೆ, ಕೂಲಿಯೂ ಒಂದೇ.

ಆಗಿನದೆಲ್ಲ ಅಪ್ಪಟ ಹೂವು, ಈಗಿನದೆಲ್ಲ ಪ್ಲಾಸ್ಟಿಕ್ಕು ಎನ್ನುವವರಿಗೆ ನನ್ನ ಇನ್ನೊಂದು ಕೆಲಸವನ್ನು ಹೇಳಬೇಕು. ಕಾದ ತಂತಿಯಿಂದ ಥರ್ಮೊಕೋಲ್ ಕೊಯ್ದು ಗಂಡಿನ ಹೆಸರು, ಹೆಣ್ಣಿನ ಹೆಸರು, ನಡುವೆ ಹೃದಯ ಮಾಡಿ, ಗೋಂದು ಬಳಿದು ಮಿನುಗುಪುಡಿ ಉದುರಿಸುತ್ತಿದ್ದವನು ನಾನೇ. ಬಿಳಿ ಕಾಳು ಬೆವರಿಗೆ ಅಂಟಿ ಮನೆಯವರೆಗೂ ಬರುತ್ತಿತ್ತು. ಮದುವೆ ಮುಗಿದ ಮೇಲೆ ಬಾಳೆಕಂದು ಹಸುವಿಗೆ, ಹೂವು ತಿಪ್ಪೆಗೆ, ಹೆಸರುಗಳು ಮುರಿದು ಛತ್ರದ ಹಿಂದಿನ ಮೋರಿಗೆ. ಅಲಂಕಾರಕ್ಕೆ ಥರ್ಮೊಕೋಲ್ ಬಳಸಬಾರದೆಂದು ದೇಶಕ್ಕೆಲ್ಲ ಕಾನೂನು ಬಂದದ್ದು 2022ರ ಜುಲೈ 1ರಿಂದ.

ಕಳೆದ ವರ್ಷ ತಂಗಿಯ ಮಗಳ ಮದುವೆ. ಹಿಂದಿನ ರಾತ್ರಿ ಕನ್ವೆನ್ಷನ್ ಹಾಲಿನಲ್ಲಿ ಹೂವಿನವರ ಜೊತೆ ನಾನು ಉಳಿದೆ. ಬಂಗಾಳದ ಮೇದಿನಿಪುರದ ಕಡೆಯ ಆರು ಹುಡುಗರು. ಥಾಯ್ಲೆಂಡಿನ ಆರ್ಕಿಡ್, ಪಾಲಿಹೌಸಿನ ಜರ್ಬೆರಾ, ಕಣ್ಣಿಗೆ ದೂರವಿರುವ ಕಡೆ ಬಟ್ಟೆಯ ಹೂವು. ನಾರಿನ ಜಾಗದಲ್ಲಿ ಹಸಿರು ಫೋಮಿನ ಇಟ್ಟಿಗೆ. ಅಮೆರಿಕದವರು 1954ರಲ್ಲೇ ಕಂಡುಹಿಡಿದದ್ದು ನಮ್ಮ ಮಂಟಪಕ್ಕೆ ಬರಲು ಇಷ್ಟು ವರ್ಷ ಹಿಡಿಯಿತು. ನಾನು ಒಂದನ್ನು ಬಕೆಟ್ಟಿಗೆ ಹಾಕಿ ಅದುಮಹೋದೆ. ಹುಡುಗನೊಬ್ಬ ಕೈ ಹಿಡಿದ. ಅದುಮಿದರೆ ಒಳಗೆ ಗಾಳಿ ಉಳಿದು ನೀರು ಹೋಗುವುದಿಲ್ಲ, ಹೂವು ಬೆಳಗಾಗುವಷ್ಟರಲ್ಲಿ ಜೋತುಬೀಳುತ್ತದೆ, ತಾನಾಗಿ ಮುಳುಗಬೇಕು. ನಾರು ನೆನೆಹಾಕುವಾಗ ಆ ಹೆಂಗಸರು ತೋರಿದ ತಾಳ್ಮೆಯೇ ಇದು. ಆದರೆ ನಾರು ಮಣ್ಣಾಗುತ್ತಿತ್ತು, ಈ ಫೋಮು ಪುಡಿಯಾಗುತ್ತದೆ ಹೊರತು ಮಣ್ಣಾಗುವುದಿಲ್ಲ.

ರಾತ್ರಿ ಒಂದಕ್ಕೆ ನಮ್ಮ ಕಡೆಯವರೇ ಒಬ್ಬರು ಬಂದು ಫೋನಿನ ಚಿತ್ರ ಹಿಡಿದು ನಿಂತರು. ಹಿಂಬದಿಯ ನೇರಳೆ ಬಣ್ಣ ಚಿತ್ರದಲ್ಲಿದ್ದಷ್ಟು ತಿಳಿಯಾಗಿಲ್ಲವಂತೆ. ಹುಡುಗರು ಏಣಿ ಹತ್ತಿ ಎಡಪಕ್ಕವನ್ನೆಲ್ಲ ಬಿಚ್ಚಿದರು.

ಮರುಕೆಲಸಕ್ಕೆ ಕೂಲಿ ಬೇರೆಯೇ ಎಂದು ನನ್ನ ಕೈ ಹಿಡಿದಿದ್ದವನನ್ನು ಕೇಳಿದೆ. 'ರಾತ್ರಿ ಒಂದೇ, ಕೂಲಿ ಒಂದೇ' ಎಂದ, ಹರಕು ಕನ್ನಡದಲ್ಲಿ. ನಾನೂ ಏಣಿ ಹಿಡಿದುಕೊಂಡೆ. ಮುಗಿದಾಗ ನಾದಸ್ವರದವರು ಬಂದಾಗಿತ್ತು.